ಕಲ್ಲಿಗೆ ಮೋಟಾರು ಕಟ್ಟಿದ ಕೊಯಮತ್ತೂರು

ಚಾಮರಾಜನಗರ ದಾಟಿ, ಹಾಸನೂರಿನ ಕಾಡನ್ನು ಹಿಂದಿಟ್ಟು, ದಿಂಬಂ ಘಾಟಿಯ 27 ಕಡಿದಾದ ತಿರುವುಗಳನ್ನು ಇಳಿದ ಬಸ್ಸು ಬಣ್ಣಾರಿಯ ಬಳಿ ಬಯಲಿಗೆ ಬಂದು ಉಸಿರು ಬಿಡುತ್ತದೆ. ಸತ್ಯಮಂಗಲದಿಂದ ಮುಂದೆ ಬಾಳೆ, ಅರಿಶಿನದ ಹೊಲಗಳು. ಅವು ಮುಗಿಯುತ್ತಿದ್ದಂತೆ ಬೋರ್ಡುಗಳ ಭಾಷೆಯೇ ಬದಲಾಗುತ್ತದೆ. ಅಕ್ಷರ ತಮಿಳಾದದ್ದಷ್ಟೇ ಅಲ್ಲ, ಮೋಟಾರು, ಪಂಪು, ಫೌಂಡ್ರಿ, ಲೇತು, ಬೇರಿಂಗು ಎಂಬ ಮಾತುಗಳೇ ಎಲ್ಲೆಡೆ ಕಣ್ಣಿಗೆ ಬೀಳುತ್ತವೆ. ಕೊಯಮತ್ತೂರು ಬಂತೆಂದು ಯಾರೂ ಕೂಗಿ ಹೇಳಬೇಕಾಗಿಲ್ಲ.

ಕನ್ನಡಿಗರಿಗೆ ಈ ಊರು ತೀರ ಪರಕೀಯವೇನಲ್ಲ. 1799ರಲ್ಲಿ ಟಿಪ್ಪು ಬೀಳುವವರೆಗೆ ಇದು ಮೈಸೂರಿನ ಆಳ್ವಿಕೆಯಲ್ಲಿತ್ತು. ಇಂದಿನ ನಮ್ಮ ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ಮನೆಯೊಳಗೆ ಕನ್ನಡವಾಡುವ ದೇವಾಂಗ ನೇಕಾರರೂ ಒಕ್ಕಲಿಗರೂ ಇಲ್ಲಿ ತಲೆಮಾರುಗಳಿಂದ ಇದ್ದಾರೆ. ಇದೆಲ್ಲ ಇತಿಹಾಸದ ಮಾತಾಯಿತು. ಕರ್ನಾಟಕದ ಅಡುಗೆಮನೆಗಳಿಗೂ ಕೊಯಮತ್ತೂರಿಗೂ ಇರುವ ನಂಟು ಬೇರೆಯೇ. ದೋಸೆ, ಇಡ್ಲಿಗೆ ಹಿಟ್ಟು ರುಬ್ಬಿಕೊಡುವ ಗ್ರೈಂಡರ್ ಹುಟ್ಟಿದ್ದು ಈ ಊರಿನಲ್ಲಿ.

ಗ್ರೈಂಡರ್ ಎಂದರೆ ಏನು ಮಹಾ, ರುಬ್ಬುವ ಕಲ್ಲಿಗೆ ಮೋಟಾರು ಕಟ್ಟಿದರಾಯಿತು ಎಂದು ಯಾರಿಗಾದರೂ ಅನ್ನಿಸಬಹುದು. ಹೊಳೆದ ಉಪಾಯ ಅಷ್ಟೇ ಇರಬಹುದು. ಆದರೆ ಆ ಉಪಾಯ ಹತ್ತು ವರ್ಷ ಕೆಡದೆ ಓಡುವ, ಸಾಮಾನ್ಯ ಸಂಸಾರದ ಕೈಗೆಟಕುವ, ಸಾವಿರಗಟ್ಟಲೆ ತಯಾರಾಗುವ ವಸ್ತುವಾಗಿ ಅಂಗಡಿಗೆ ಬರಬೇಕಾದರೆ ಎಷ್ಟು ತೊಡಕುಗಳನ್ನು ಬಿಡಿಸಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಕ್ಕುವುದು ಕಷ್ಟ. ಎಂಜಿನಿಯರಿಂಗ್ ಓದುವ, ಓದಬೇಕೆಂದಿರುವ ಮಕ್ಕಳು ತಮ್ಮ ಮನೆಯ ಗ್ರೈಂಡರಿನ ಮುಚ್ಚಳ ತೆಗೆದು ನೋಡುತ್ತಲೇ ಇದನ್ನು ಓದಬಹುದು.

ಮೊದಲ ಗ್ರೈಂಡರನ್ನು 1955ರಲ್ಲಿ ರೂಪಿಸಿದ ಕೀರ್ತಿ ಕೊಯಮತ್ತೂರಿನ ಪಿ. ಸಭಾಪತಿ ಅವರಿಗೆ ಸಲ್ಲುತ್ತದೆ. ಅಷ್ಟು ಹೊತ್ತಿಗೆ ಊರು ಸಿದ್ಧವಾಗಿಯೇ ಇತ್ತು. 1888ರಲ್ಲಿ ಮೊದಲ ನೂಲಿನ ಗಿರಣಿ ಬಂದಿತ್ತು. 1930ರ ದಶಕದಲ್ಲಿ ನೀಲಗಿರಿಯ ಪೈಕಾರಾದಿಂದ ವಿದ್ಯುತ್ ಬಂದ ಮೇಲೆ ಗಿರಣಿಗಳು ಸಾಲುಗಟ್ಟಿದವು. ಗಿರಣಿ ಕೆಟ್ಟರೆ ರಿಪೇರಿಗೆ ಜನ ಬೇಕು, ಬಿಡಿಭಾಗ ಬೇಕು, ಎರಕ ಹೊಯ್ಯುವವರು ಬೇಕು. ಹೀಗೆ ಫೌಂಡ್ರಿಗಳೂ ಲೇತಿನ ಮನೆಗಳೂ ಬೆಳೆದವು. ಜಿ.ಡಿ. ನಾಯ್ಡು ಮತ್ತು ಡಿ. ಬಾಲಸುಂದರಂ ನಾಯ್ಡು ಸೇರಿ 1937ರಲ್ಲಿ ದೇಶದ ಮೊದಲ ಸ್ವದೇಶಿ ವಿದ್ಯುತ್ ಮೋಟಾರನ್ನು ತಯಾರಿಸಿದ್ದೂ ಇಲ್ಲೇ. ಸುತ್ತಲ ರೈತರ ಆಳವಾದ ಬಾವಿಗಳಿಂದ ನೀರೆತ್ತಲು ಪಂಪುಗಳು ಬೇಕಾಗಿದ್ದರಿಂದ ಮೋಟಾರಿನ ಸುರುಳಿ ಸುತ್ತುವುದು ಬೀದಿ ಬೀದಿಯ ಕಸುಬಾಯಿತು. 1926ರಲ್ಲಿ ಪಿ.ಎಸ್.ಜಿ. ಸಂಸ್ಥೆಯ ಕೈಗಾರಿಕಾ ಶಾಲೆ, 1951ರಲ್ಲಿ ಅದರ ಎಂಜಿನಿಯರಿಂಗ್ ಕಾಲೇಜು ಹುಟ್ಟಿದ್ದೂ ಈ ವಾತಾವರಣದಲ್ಲಿಯೇ. ಈ ಯಂತ್ರ ಬೇರೆ ಊರಿನಲ್ಲಿ ಹುಟ್ಟಿದ್ದರೆ ಬಹುಶಃ ಒಬ್ಬ ಜಾಣನ ಹಿತ್ತಿಲಿನಲ್ಲೇ ಉಳಿದುಬಿಡುತ್ತಿತ್ತು.

ಅಜ್ಜಿ ರುಬ್ಬುತ್ತಿದ್ದ ಬಗೆಯನ್ನು ನೆನಪು ಮಾಡಿಕೊಳ್ಳಿ. ಕಲ್ಲು ನೆಲದಲ್ಲಿ ಕದಲದೆ ಕೂತಿದೆ. ಗುಂಡುಕಲ್ಲನ್ನು ಬಲಗೈ ತಿರುಗಿಸುತ್ತದೆ. ಅಂಚಿಗೇರಿದ ಹಿಟ್ಟನ್ನು ಎಡಗೈ ಮತ್ತೆ ಗುಳಿಗೆ ತಳ್ಳುತ್ತದೆ, ನಡುನಡುವೆ ನೀರು ಚಿಮುಕಿಸುತ್ತದೆ. ಯಂತ್ರಕ್ಕೆ ಇದನ್ನು ಹಾಗೆಯೇ ಕಲಿಸಹೋದರೆ ಭಾರವಾದ ಗುಂಡನ್ನು ಮೇಲಿನಿಂದ ಹಿಡಿದು ತಿರುಗಿಸಬೇಕು, ಮೋಟಾರು ಹಿಟ್ಟಿನ ನೆತ್ತಿಯ ಮೇಲೆ ಕೂರಬೇಕು. ಕೊಯಮತ್ತೂರಿನ ಯಂತ್ರ ಈ ಲೆಕ್ಕವನ್ನು ತಲೆಕೆಳಗು ಮಾಡಿತು. ಇಲ್ಲಿ ತಿರುಗುವುದು ಒರಳು, ಜಾಗ ಬಿಟ್ಟು ಕದಲದಿರುವುದು ಗುಂಡು. ಒರಳು ಸುತ್ತಿದಂತೆ ಅದರ ಉಜ್ಜಾಟಕ್ಕೇ ಗುಂಡು ತನ್ನಷ್ಟಕ್ಕೆ ಉರುಳುತ್ತದೆ. ಮೋಟಾರು ಕೆಳಗೆ, ಒಣಗಿದ ಜಾಗದಲ್ಲಿ.

ಬಲಗೈ ಕೆಲಸ ಹೀಗೆ ಮುಗಿಯಿತು. ಎಡಗೈಯದು? ಅದನ್ನು ಮರೆತ ಯಂತ್ರದಲ್ಲಿ ಹಿಟ್ಟೆಲ್ಲ ಗೋಡೆಗೆ ಅಂಟಿ ಗುಂಡು ಬರಿದೇ ತಿರುಗುತ್ತದೆ, ಕಲ್ಲಿಗೆ ಕಲ್ಲು ಉಜ್ಜುತ್ತದೆ. ಪಾತ್ರೆಯ ಒಳಬದಿಗೆ ತಾಗಿಕೊಂಡು ನಿಲ್ಲುವ ಚಿಕ್ಕ ಪಟ್ಟಿಯೊಂದು ಈ ಕೆಲಸ ಮಾಡುತ್ತದೆ. ಕೊಳ್ಳುವವರು ಅದನ್ನು ಗಮನಿಸುವುದೇ ಇಲ್ಲ. ಆದರೆ ಅಜ್ಜಿಯ ಎಡಗೈ ಇರುವುದು ಆ ಪಟ್ಟಿಯಲ್ಲಿ.

ಇನ್ನು ವೇಗದ ಮಾತು. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸಾಮಾನ್ಯವಾದ ನಾಲ್ಕು ಧ್ರುವಗಳ ಮೋಟಾರು ನಿಮಿಷಕ್ಕೆ ಸುಮಾರು 1,440 ಸುತ್ತು ತಿರುಗುತ್ತದೆ. ಒರಳು ಆ ವೇಗದಲ್ಲಿ ತಿರುಗಿದರೆ ಹಿಟ್ಟು ಅಡುಗೆಮನೆಯ ಗೋಡೆಯ ಮೇಲಿರುತ್ತದೆ. ಅದಕ್ಕೇ ಸಣ್ಣ ಪುಲ್ಲಿ, ದೊಡ್ಡ ಪುಲ್ಲಿ, ನಡುವೆ ಬೆಲ್ಟು. ವೇಗ ಸರಿಸುಮಾರು ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ, ತಿರುಚುವ ಬಲ ಅಷ್ಟೇ ಏರುತ್ತದೆ. ಈ ನಿಧಾನವೇ ಉದ್ದಿನಹಿಟ್ಟಿನ ಗುಟ್ಟು. ಮಿಕ್ಸಿಯ ಅಲಗು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿ ಬೇಳೆಯನ್ನು ಕತ್ತರಿಸುತ್ತದೆ, ಬಿಸಿಯನ್ನೂ ಮಾಡುತ್ತದೆ. ಕಲ್ಲು ಜಜ್ಜಿ ಉಜ್ಜುತ್ತದೆ, ಗಾಳಿಯನ್ನು ಒಳಸೇರಿಸುತ್ತದೆ, ಹಿಟ್ಟನ್ನು ತಂಪಾಗಿಡುತ್ತದೆ. ರಾತ್ರಿ ಹಿಟ್ಟು ಉಬ್ಬಿಸುವ ಸೂಕ್ಷ್ಮಜೀವಿಗಳಿಗೆ ಬೇಕಾದ್ದೂ ಅದೇ.

ಇಷ್ಟರವರೆಗಿನದು ಕಾಗದದ ಮೇಲೆ ಬಿಡಿಸಬಹುದಾದ ತೊಡಕು. ನಿಜವಾದ ಪೀಕಲಾಟ ಕಲ್ಲಿನದು. ಕಬ್ಬಿಣವನ್ನು ಕರಗಿಸಿ ಅಚ್ಚಿಗೆ ಹೊಯ್ದರೆ ನೂರು ತುಂಡುಗಳು ಒಂದೇ ಅಳತೆಯಲ್ಲಿ ಬರುತ್ತವೆ. ಕಲ್ಲು ಹಾಗಲ್ಲ. ಅದನ್ನು ಭೂಮಿ ಮಾಡಿದೆ, ಕಾರ್ಖಾನೆಯ ನಕ್ಷೆ ನೋಡಿ ಮಾಡಿಲ್ಲ. ಒಂದೇ ಬಂಡೆಯಿಂದ ಎತ್ತಿದ ಎರಡು ತುಂಡುಗಳ ಕಾಳು ಬೇರೆ, ಗಡಸುತನ ಬೇರೆ. ಮೆತ್ತನೆಯದಾದರೆ ಹಿಟ್ಟಿನಲ್ಲಿ ಪುಡಿ ಬಿಡುತ್ತದೆ. ತೀರ ನುಣುಪಾಗುವ ಜಾತಿಯಾದರೆ ಕೆಲವೇ ತಿಂಗಳಲ್ಲಿ ಅಕ್ಕಿ ಜಾರುತ್ತದೆಯೇ ಹೊರತು ನುರಿಯುವುದಿಲ್ಲ. ಹಿಂದೆ ಇದಕ್ಕೆ ಮದ್ದಿತ್ತು: ಉಳಿ ಸುತ್ತಿಗೆ ಹಿಡಿದವರು ಬೀದಿಯಲ್ಲಿ ಕೂಗುತ್ತ ಬಂದು ಒರಳನ್ನು ಕುಟ್ಟಿ ತರಿ ಮಾಡಿಕೊಡುತ್ತಿದ್ದರು. ಅಂಗಡಿಯಲ್ಲಿ ಗ್ಯಾರಂಟಿ ಕೊಟ್ಟು ಮಾರಿದ ಯಂತ್ರಕ್ಕೆ ಆ ಮಾತು ನಡೆಯುವುದಿಲ್ಲ.

ಕೊಯಮತ್ತೂರಿನ ಅದೃಷ್ಟವೆಂದರೆ ಹದವಾದ ಕಲ್ಲು ಹತ್ತಿರವೇ ಸಿಕ್ಕಿತು. ಈಗ ತಿರುಪ್ಪೂರು ಜಿಲ್ಲೆಗೆ ಸೇರಿರುವ, ಬೆಣ್ಣೆಗೆ ಹೆಸರಾದ ಊತುಕುಳಿಯ ಸುತ್ತಿನ ಗ್ರಾನೈಟು ಈ ಕೆಲಸಕ್ಕೆ ಒಗ್ಗಿತು. ಆದರೂ ಕಡಿದ ಕಲ್ಲಿನ ನಡುವೆ ತೂತು ಕೊರೆಯುವಾಗ ಒಡೆಯುವುದುಂಟು. ತೂತು ನಡುಮಧ್ಯದಿಂದ ಕೂದಲೆಳೆಯಷ್ಟು ಸರಿದರೂ ಭಾರ ಒಂದು ಕಡೆಗೆ ವಾಲಿ, ಓಡುವಾಗ ಯಂತ್ರ ಅದುರುತ್ತ ನೆಲದ ಮೇಲೆ ನಡೆಯತೊಡಗುತ್ತದೆ. ಕಲ್ಲಿಗೂ ಉಕ್ಕಿನ ಪಾತ್ರೆಗೂ ನಡುವೆ ಸಂದು ಉಳಿದರೆ ನಿನ್ನೆಯ ಹಿಟ್ಟು ಅಲ್ಲಿ ಕೂತು ಹಳಸುತ್ತದೆ. ಹೊಸ ಗ್ರೈಂಡರಿನಲ್ಲಿ ಮೊದಲೆರಡು ಸಲ ರುಬ್ಬಿದ್ದನ್ನು ಚೆಲ್ಲಿಬಿಡಿ ಎಂದು ಅಂಗಡಿಯವರು ಹೇಳುವುದು ಮೂಢನಂಬಿಕೆಯಲ್ಲ, ಕೊರೆತದಿಂದ ಉಳಿದ ಕಲ್ಲುಪುಡಿ ಹೋಗಲಿ ಎಂದು.

ಮೊದಮೊದಲು ಯಂತ್ರಗಳು ದೊಡ್ಡವು, ಹೋಟೆಲುಗಳಿಗೆ ತಕ್ಕವು. ಉಡುಪಿ ಹೋಟೆಲುಗಳಲ್ಲಿ ನಸುಕಿಗೇ ಎದ್ದು ರುಬ್ಬುತ್ತಿದ್ದ ಹುಡುಗರ ತೋಳುಗಳಿಗೆ ಅವು ಬಿಡುವು ಕೊಟ್ಟವು. ಮನೆಗೆ ಬಂದಾಗ ಬೇರೆ ದೂರು ಎದ್ದಿತು. ರುಬ್ಬುವ ಕಷ್ಟವೇನೋ ತಪ್ಪಿತು, ತೊಳೆಯುವುದು? ಕಲ್ಲು ಎತ್ತಲಾಗದಷ್ಟು ಭಾರ. ಹಿಟ್ಟನ್ನು ಕೈಯಿಂದ ಬಳಿದು, ತೊಳೆದ ನೀರನ್ನೂ ಬೊಗಸೆಯಲ್ಲೇ ಎತ್ತಿಹಾಕಬೇಕು. ಈ ದೂರಿಗೆ ಉತ್ತರವಾಗಿ ಇಡೀ ಪಾತ್ರೆಯೇ ಬಾಗುವ ಟಿಲ್ಟಿಂಗ್ ಗ್ರೈಂಡರ್ ಬಂತು. ಅದರ ಮೇಲೆ ಟೇಬಲ್ ಟಾಪ್: ಉಕ್ಕಿನ ಪಾತ್ರೆಯ ತಳದಲ್ಲಿ ಮಾತ್ರ ಕಲ್ಲು, ಒಂದು ದೊಡ್ಡ ಗುಂಡಿನ ಬದಲು ಚಿಕ್ಕ ಉರುಳುಕಲ್ಲುಗಳು, ಪಾತ್ರೆಯನ್ನು ಎತ್ತಿ ನಲ್ಲಿಯ ಕೆಳಗೆ ಹಿಡಿಯಬಹುದು. ಪಾತ್ರೆಯ ನಡುವೆ ಕೊಳವೆಯಂತೆ ಒಂದು ಕಂಬ ಎದ್ದಿರುವುದನ್ನು ನೋಡಿರಬಹುದು. ತಳದಲ್ಲಿ ಬರೀ ತೂತಿಟ್ಟರೆ ನೀರು ಸೋರಿ ಬೇರಿಂಗು ತುಕ್ಕು ಹಿಡಿಯುತ್ತದೆ. ತೂತನ್ನೇ ಹಿಟ್ಟಿನ ಮಟ್ಟಕ್ಕಿಂತ ಮೇಲೆ ಎತ್ತಿದರೆ ಸೋರುವ ಪ್ರಶ್ನೆಯೇ ಇಲ್ಲ. ಹಂಡೆಯಷ್ಟಿದ್ದ ಯಂತ್ರ ಎರಡು ಲೀಟರಿಗೆ, ಒಂದು ದೊಡ್ಡ ಬಲ್ಬಿನಷ್ಟು ವಿದ್ಯುತ್ತಿಗೆ ಇಳಿದದ್ದು ಹೀಗೆ.

ಕಾರ್ಖಾನೆಯಲ್ಲಿ ಪರೀಕ್ಷೆ ಪಾಸಾದ ಯಂತ್ರ ಹಳ್ಳಿಯಲ್ಲಿ ನಪಾಸಾಗುವುದೂ ಉಂಟು. 230 ವೋಲ್ಟಿಗೆ ಮಾಡಿದ ಮೋಟಾರಿಗೆ ಸಂಜೆ ಹೊತ್ತು 180 ವೋಲ್ಟು ಬಂದರೆ, ಕಾಲು ಭಾಗದಷ್ಟೂ ಕಡಿಮೆಯಾಗಲಿಲ್ಲವಲ್ಲ ಎಂದು ಕಾಣುತ್ತದೆ. ಆದರೆ ಮೋಟಾರು ಹೊರಡುವ ಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣ. ಲೆಕ್ಕ ಹಾಕಿದರೆ ಉಳಿಯುವುದು ಸುಮಾರು ನೂರಕ್ಕೆ ಅರವತ್ತೊಂದು. ಉದ್ದು ತುಂಬಿದ ಒರಳು ಕದಲುವುದಿಲ್ಲ, ಮೋಟಾರು ಗುಂಯ್ ಎನ್ನುತ್ತದೆ, ಸುರುಳಿ ಸುಟ್ಟ ವಾಸನೆ ಬರುತ್ತದೆ. ಬೆಲೆ ಕಡಿಮೆ ಮಾಡಲೆಂದು ತಾಮ್ರ ಉಳಿಸಿದವನು ಇಂಥ ಹೊತ್ತಿನಲ್ಲಿ ಸಿಕ್ಕಿಬೀಳುತ್ತಾನೆ.

ಇಷ್ಟೆಲ್ಲವನ್ನು ಒಂದೇ ಸೂರಿನಡಿ ಮಾಡುವ ದೊಡ್ಡ ಕಂಪೆನಿಯನ್ನು ಹುಡುಕಿಕೊಂಡು ಹೋದವರಿಗೆ ಕೊಯಮತ್ತೂರು ನಿರಾಸೆ ಮಾಡುತ್ತದೆ. ಗಣಪತಿ, ಆವಾರಂಪಾಳ್ಯಂ, ಪೀಲಮೇಡು ಕಡೆಯ ಬೀದಿಗಳಲ್ಲಿರುವುದು ಬಹುಪಾಲು ಸಣ್ಣ ಶೆಡ್ಡುಗಳು. ಎರಕ ಒಬ್ಬರದು, ಸುರುಳಿ ಇನ್ನೊಬ್ಬರದು, ಪಾತ್ರೆ ಒತ್ತುವವರು ಬೇರೆ, ಕಲ್ಲು ಕಡೆಯುವವರು ಬೇರೆ. ಎಲ್ಲವನ್ನೂ ತಂದು ಜೋಡಿಸಿ ಹೆಸರು ಅಂಟಿಸುವವರು ಮತ್ತೊಬ್ಬರು. 2005ರ ಸುಮಾರಿಗೆ ಇಲ್ಲಿ 700ಕ್ಕೂ ಹೆಚ್ಚು ತಯಾರಕರಿದ್ದರು, ತಿಂಗಳಿಗೆ 75,000 ಗ್ರೈಂಡರುಗಳು ಹೊರಬೀಳುತ್ತಿದ್ದವು. 2005–06ರ ಸಾಲಿನಲ್ಲಿ ಕೊಯಮತ್ತೂರು ವೆಟ್ ಗ್ರೈಂಡರಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಮೈಸೂರು ರೇಷ್ಮೆಗೆ, ಕಂಚಿ ಸೀರೆಗೆ ಸಿಗುವ ಮನ್ನಣೆ ಮೋಟಾರಿನಲ್ಲಿ ಓಡುವ ಯಂತ್ರವೊಂದಕ್ಕೆ ಸಿಕ್ಕಿದ್ದು ವಿಶೇಷವೇ.

ಹೀಗೆ ಹಂಚಿಕೊಂಡು ಮಾಡುವುದರಲ್ಲಿ ಅನುಕೂಲವಿದೆ. ನಾಲ್ಕು ಕಾಸು ಬಂಡವಾಳದವನೂ ತಯಾರಕನಾಗಬಹುದು, ಹೊಸ ಮಾದರಿ ಪ್ರಯತ್ನಿಸಬಹುದು. ಅಪಾಯವೂ ಅಷ್ಟೇ. 2011ರಲ್ಲಿ ತಮಿಳುನಾಡು ಸರ್ಕಾರ ಪಡಿತರ ಚೀಟಿಯ ಕುಟುಂಬಗಳ ಮಹಿಳೆಯರಿಗೆ ಮಿಕ್ಸಿ, ಗ್ರೈಂಡರ್, ಫ್ಯಾನು ಉಚಿತವಾಗಿ ಹಂಚತೊಡಗಿತು. ಬಡವರ ಮನೆಯ ಹೆಂಗಸರ ತೋಳಿಗೆ ಬಿಡುವು ಸಿಕ್ಕಿತು, ಅದನ್ನು ಹಗುರ ಮಾಡಿ ಆಡುವಂತಿಲ್ಲ. ಲಕ್ಷಗಟ್ಟಲೆ ಒಂದೇ ಮಾದರಿಯ ಯಂತ್ರ ಒದಗಿಸಲು ಬಲವಿದ್ದವರಿಗೆ ಅದು ಸುಗ್ಗಿ. ತಿಂಗಳಿಗೆ ನೂರಿನ್ನೂರು ಮಾಡಿ ಅಂಗಡಿಗೆ ಹಾಕುತ್ತಿದ್ದವನಿಗೆ ಮಾತ್ರ, ನಾಳೆ ತನ್ನಿಂದ ಕೊಳ್ಳಬೇಕಾಗಿದ್ದ ಮನೆಗೆ ಇವತ್ತೇ ಗ್ರೈಂಡರ್ ಬಂದು ಕೂತಿತ್ತು. ಮುಂದೆ 2022ರ ಜುಲೈಯಲ್ಲಿ ಗ್ರೈಂಡರಿನ ಮೇಲಿನ ಜಿ.ಎಸ್.ಟಿ. ಶೇಕಡಾ 5ರಿಂದ 18ಕ್ಕೆ ಏರಿತು. ಸೊನ್ನೆ ಬಂಡವಾಳಕ್ಕೆ ಹತ್ತಿರವಿರುವವರಿಗೆ ಇಂಥ ಏರಿಳಿತ ಎಂದರೆ ಶೆಡ್ಡಿನ ಬಾಗಿಲು ತೆರೆಯುವುದೋ ಮುಚ್ಚುವುದೋ ಎಂಬ ಪ್ರಶ್ನೆ.

ಕಲ್ಲಿನ ಕಡೆಯ ಇನ್ನೊಂದು ಮಾತು ಜಾಹೀರಾತುಗಳಲ್ಲಿ ಬರುವುದಿಲ್ಲ. ಗ್ರಾನೈಟಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಅದನ್ನು ಉಸಿರಾಡಿದರೆ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ಎಂಬ ಕಾಯಿಲೆ ಬರುತ್ತದೆ, ಬಂದದ್ದು ಹೋಗುವುದಿಲ್ಲ. ಕೊರೆಯುವಾಗ ಕಲ್ಲಿನ ಮೇಲೆ ನೀರು ಹರಿಸಿದರೆ ಧೂಳು ಏಳುವುದು ಬಹಳ ತಗ್ಗುತ್ತದೆ. ತುಸು ಖರ್ಚು, ತುಸು ತಡ. ಒಂದು ರೂಪಾಯಿ ಕಡಿಮೆ ಬೆಲೆಗೆ ಹಟ ಹಿಡಿಯುವ ಮಾರುಕಟ್ಟೆಯಲ್ಲಿ ಮೊದಲು ಕತ್ತರಿ ಬೀಳುವುದು ಇಂಥದಕ್ಕೇ.

ಮಕ್ಕಳನ್ನು ಕರೆದುಕೊಂಡು ಹೋಗುವವರು ಅವಿನಾಶಿ ರಸ್ತೆಯಲ್ಲಿರುವ ಜಿ.ಡಿ. ನಾಯ್ಡು ಅವರ ವಸ್ತುಸಂಗ್ರಹಾಲಯವನ್ನು ನೋಡದೆ ಬರಬಾರದು. ಅದು ಮುಗಿದ ಮೇಲೆ ಒಪ್ಪಣಕಾರ ಬೀದಿಯ ಕಡೆಗೋ ಗಾಂಧಿಪುರಂ ಕಡೆಗೋ ಹೋಗಿ ಗ್ರೈಂಡರ್ ಅಂಗಡಿಯೊಂದನ್ನು ಹೊಕ್ಕರಾಯಿತು. ಕೊಳ್ಳುವುದಾದರೆ ಬಣ್ಣ ನೋಡಬೇಡಿ. ಖಾಲಿ ಪಾತ್ರೆಗೆ ನೀರು ಹಾಕಿಸಿ ಓಡಿಸಿ, ಮೇಲೆ ಅಂಗೈ ಇಟ್ಟು ಅದುರುವುದನ್ನು ಗಮನಿಸಿ. ಕಲ್ಲಿಗೂ ಉಕ್ಕಿಗೂ ನಡುವಿನ ಅಂಚನ್ನು ಉಗುರಿನಿಂದ ಮುಟ್ಟಿ ನೋಡಿ. ಬೆಲ್ಟು, ಪಟ್ಟಿ ಹತ್ತು ವರ್ಷದ ಮೇಲೂ ಸಿಗುತ್ತವೆಯೇ ಎಂದು ಕೇಳಿ. ಈ ಊರಿನ ಅಂಗಡಿಯವರಿಗೆ ಇಂಥ ಪ್ರಶ್ನೆಗಳು ಹೊಸವಲ್ಲ.