ಎರಡನೇ ಸಲ ಕರೆಯುವಂತೆ ನುಡಿಸಿ

ಮೊದಲ ಕಾರ್ಯಕ್ರಮ ಯಾರಿಗಾದರೂ ಸಿಗುತ್ತದೆ. ಬಡಾವಣೆಯ ಗಣೇಶೋತ್ಸವ, ಕಾಲೇಜಿನ ವಾರ್ಷಿಕೋತ್ಸವ, ಸೋದರಮಾವನ ಮಗಳ ಆರತಕ್ಷತೆ – ಎಲ್ಲೋ ಒಂದು ಕಡೆ ಪರಿಚಯದವರು ಇದ್ದೇ ಇರುತ್ತಾರೆ. ‘ನಮ್ಮ ಹುಡುಗರು ಗಿಟಾರ್ ಬಾರಿಸ್ತಾರೆ, ಒಂದು ಅರ್ಧ ಗಂಟೆ ಕೊಡಿ’ ಅಂದರೆ ಸಾಮಾನ್ಯವಾಗಿ ಯಾರೂ ಇಲ್ಲ ಅನ್ನುವುದಿಲ್ಲ. ಎದುರಿಗೆ ಕೂತವರಲ್ಲಿ ಅರ್ಧ ಜನ ನೆಂಟರು, ಚಪ್ಪಾಳೆಗೂ ಬರವಿಲ್ಲ. ಕಷ್ಟ ಇರುವುದು ಎರಡನೇ ಕಾರ್ಯಕ್ರಮದಲ್ಲಿ. ನಮ್ಮ ಪರಿಚಯವೇ ಇಲ್ಲದವರು, ಹಾಡು ಕೇಳಿದ ಒಂದೇ ಕಾರಣಕ್ಕೆ ಫೋನು ಮಾಡಿ ಕರೆಯುತ್ತಾರಲ್ಲ, ಒಂದು ಬ್ಯಾಂಡು ನಿಜವಾಗಿ ಹುಟ್ಟುವುದು ಆವತ್ತು.

ಬಹಳ ವರ್ಷ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸಿದವನು ನಾನು. ಈಗ ಶಿವಮೊಗ್ಗದ ನಮ್ಮ ಮನೆಯ ಮಹಡಿಯಲ್ಲಿ ಮಕ್ಕಳಿಗೆ ಕಲಿಸುತ್ತೇನೆ. ಅವರಲ್ಲಿ ನಾಲ್ವರು ಸೇರಿ ಒಂದು ಬ್ಯಾಂಡು ಕಟ್ಟಿಕೊಂಡಿದ್ದಾರೆ. ಇಬ್ಬರು ಗಿಟಾರ್, ಒಬ್ಬ ಡ್ರಮ್ಸ್, ಹಾಡುವುದಕ್ಕೆ ಒಬ್ಬಳು ಹುಡುಗಿ. ಬೆರಳು ಚುರುಕಾಗುವುದಕ್ಕೆ ಏನು ಮಾಡಬೇಕೆಂದು ಮಕ್ಕಳು ದಿನಾ ಕೇಳುತ್ತಾರೆ. ವೇದಿಕೆಯ ಮೇಲೆ ಏನು ಮಾಡಬೇಕೆಂದು ಕೇಳುವವರು ಕಡಿಮೆ. ಆದರೆ ಎರಡನೇ ಕರೆ ಬರುವುದು, ಬಾರದಿರುವುದು ಹೆಚ್ಚಾಗಿ ಅದರ ಮೇಲೆಯೇ ನಿಂತಿದೆ.

ಶ್ರುತಿಯಿಂದ ಶುರು ಮಾಡೋಣ. ಬಹುತೇಕ ಹುಡುಗರ ಕಾರ್ಯಕ್ರಮದಲ್ಲಿ ಕೇಳುಗರ ಕಿವಿಗೆ ಮೊದಲು ಬೀಳುವುದು ತಂತಿಯನ್ನು ಬಿಗಿ ಮಾಡುವ ಟೊಂಯ್ ಟೊಂಯ್ ಸದ್ದು. ಗಿಟಾರಿನ ತಲೆಗೆ ಕಚ್ಚಿಸುವ ಕ್ಲಿಪ್ ಟ್ಯೂನರ್ ಇಟ್ಟುಕೊಳ್ಳಿ. ಅದು ಮರದ ಕಂಪನವನ್ನು ಹಿಡಿಯುವುದರಿಂದ ಸುತ್ತ ಎಷ್ಟೇ ಗದ್ದಲವಿದ್ದರೂ, ಸ್ಪೀಕರಿನಲ್ಲಿ ಒಂದು ಸದ್ದೂ ಬರದಂತೆ ಶ್ರುತಿ ಮಾಡಬಹುದು. ಮೊಬೈಲಿನ ಟ್ಯೂನರ್ ಮೈಕಿನಿಂದ ಕೇಳಿಸಿಕೊಳ್ಳುತ್ತದೆ. ಡೋಲು, ಪಟಾಕಿಯ ನಡುವೆ ಅದಕ್ಕೆ ತಲೆ ಕೆಡುತ್ತದೆ. ಹೊಸ ತಂತಿಗಳನ್ನು ಕಾರ್ಯಕ್ರಮದ ದಿನವೇ ಹಾಕಬೇಡಿ. ಅವು ಎಳೆದುಕೊಂಡು ಒಂದು ಹದಕ್ಕೆ ಬರಲು ಎರಡು ಮೂರು ದಿನದ ಅಭ್ಯಾಸ ಬೇಕು. ಬಿಸಿಲಲ್ಲಿ ನಿಂತ ಕಾರಿನೊಳಗೆ ಗಿಟಾರನ್ನು ಬಿಟ್ಟು, ಕೊನೇ ಗಳಿಗೆಯಲ್ಲಿ ತೆಗೆದರೆ ಎಲ್ಲ ತಂತಿಗಳೂ ಒಂದೊಂದು ದಿಕ್ಕಿಗೆ ಹೋಗಿರುತ್ತವೆ.

ಇನ್ನೊಂದು ಶ್ರುತಿ ಹಾಡುವವರದು. ಗಿಟಾರಿಗೆ ಸುಲಭ ಅಂತ ಎಲ್ಲ ಹಾಡನ್ನೂ ಸಿ ಅಥವಾ ಜಿ ಕಾರ್ಡಿನಲ್ಲಿ ಹಿಡಿದು, ಹಾಡುವ ಹುಡುಗಿಯನ್ನು ಆ ಶ್ರುತಿಗೆ ಎಳೆದು ತರುವುದು ಅನ್ಯಾಯ. ಅವಳಿಗೆ ಹಾರ್ಮೋನಿಯಂನ ಕಪ್ಪು ಒಂದು ಹಿತವಾದರೆ ಮೊದಲನೇ ಫ್ರೆಟ್ಟಿಗೆ ಕೇಪೊ ಹಾಕಿ ಅದೇ ಸಿ ಕಾರ್ಡಿನ ಬೆರಳುಗಳಿಂದ ನುಡಿಸಿ, ಆಯಿತು. ನಮ್ಮ ಕಡೆಯ ಕೇಳುಗರಿಗೆ ಸಾಹಿತ್ಯ ಬೇಕು. ಮಾತು ಕೇಳಿಸದಿದ್ದರೆ ಗಿಟಾರ್ ಎಷ್ಟು ಚೆನ್ನಾಗಿದ್ದರೂ ಐದನೇ ನಿಮಿಷಕ್ಕೆ ಜನ ಪಕ್ಕದವರ ಜತೆ ಮಾತಿಗೆ ತೊಡಗುತ್ತಾರೆ. ಹಾಡು ನಡೆಯುವಾಗ ಗಿಟಾರ್ ತಗ್ಗಬೇಕು, ಹಾಡು ಉಸಿರು ತೆಗೆದುಕೊಂಡಾಗ ಏಳಬೇಕು. ಈ ಒಂದು ಸಂಗತಿ ನನ್ನ ಹುಡುಗರಿಗೆ ಒಗ್ಗಲು ಆರು ತಿಂಗಳು ಹಿಡಿಯಿತು.

ಅಭ್ಯಾಸವನ್ನು ಕೂತು ಮಾಡಿದರೆ ಸಾಲದು. ವೇದಿಕೆಯಲ್ಲಿ ನಿಂತೇ ನುಡಿಸುವುದಾದರೆ ಮನೆಯಲ್ಲೂ ನಿಂತು ನುಡಿಸಿ. ಬೆಲ್ಟಿನ ಉದ್ದ ಬದಲಾದರೆ ಕೈಯ ಲೆಕ್ಕವೇ ಬದಲಾಗುತ್ತದೆ. ಕೋಣೆಯ ಮೂಲೆಯಲ್ಲಿ ಮೊಬೈಲ್ ಇಟ್ಟು ಇಡೀ ಕಾರ್ಯಕ್ರಮವನ್ನು ರೆಕಾರ್ಡ್ ಮಾಡಿ, ಗಡಿಯಾರ ಹಿಡಿದು ಕೇಳಿ. ಐದು ಹಾಡು 25 ನಿಮಿಷ ಅಂದುಕೊಂಡಿದ್ದು, ನಡುವಿನ ಮಾತು, ತಡಕಾಟ ಸೇರಿ 40 ನಿಮಿಷ ಆಗಿರುತ್ತದೆ. ಯಾರಾದರೂ ತಪ್ಪಿದರೆ ನಿಲ್ಲಿಸದೆ ಮುಂದುವರಿಯುವುದನ್ನೂ ಅಭ್ಯಾಸ ಮಾಡಬೇಕು. ತಪ್ಪಿದ ಸ್ವರ ಕೇಳುಗರಿಗೆ ಗೊತ್ತಾಗುವುದೇ ಅಪರೂಪ. ಅದು ಅವರಿಗೆ ಗೊತ್ತಾಗುವುದು ನುಡಿಸುವವರ ಮುಖ ನೋಡಿ.

ಚೀಲದಲ್ಲಿ ಏನಿರಬೇಕು? ಒಂದು ಸೆಟ್ ತಂತಿ, ತೆಳ್ಳಗಿನ ಮೊದಲ ತಂತಿ ಮಾತ್ರ ಎರಡು ಹೆಚ್ಚಿಗೆ, ಇನ್ನೊಂದು ಕೇಬಲ್, ನಾಲ್ಕಾರು ಪ್ಲೆಕ್ಟ್ರಮ್, ಪಿಕಪ್‌ಗೆ ಬೇಕಾದ ಬ್ಯಾಟರಿ, ಇನ್ಸುಲೇಷನ್ ಟೇಪು, ಹಾಡಿನ ಪಟ್ಟಿಯ ನಾಲ್ಕು ಪ್ರತಿ. ಜತೆಗೆ ಒಂದು ಟೆಸ್ಟರ್. ಈ ಟೆಸ್ಟರ್ ವಿಷಯವನ್ನು ಅಪ್ಪ ಅಮ್ಮಂದಿರು ಗಮನವಿಟ್ಟು ಓದಬೇಕು. ಎಲೆಕ್ಟ್ರಿಕ್ ಗಿಟಾರಿನ ತಂತಿಗಳು ಆಂಪ್ಲಿಫೈಯರಿನ ಅರ್ಥಿಂಗ್ ಜತೆ ಜೋಡಣೆಯಾಗಿರುತ್ತವೆ. ಬೆರಳು ಅದರ ಮೇಲೆ, ತುಟಿ ಮೈಕಿನ ಮೇಲೆ. ಎರಡರಲ್ಲಿ ಒಂದು ಕಡೆ ಅರ್ಥಿಂಗ್ ಸರಿಯಿಲ್ಲದಿದ್ದರೆ ವಿದ್ಯುತ್ತು ಮೈಯೊಳಗೇ ಹಾದುಹೋಗುತ್ತದೆ. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ‘ಸ್ಟೋನ್ ದ ಕ್ರೋಸ್’ ಬ್ಯಾಂಡಿನ ಗಿಟಾರ್ ವಾದಕ ಲೆಸ್ ಹಾರ್ವಿ ಅರ್ಥಿಂಗ್ ಇಲ್ಲದ ಮೈಕ್ ಮುಟ್ಟಿ ವೇದಿಕೆಯಲ್ಲೇ ಪ್ರಾಣ ಕಳೆದುಕೊಂಡರು. ನಮ್ಮ ಶಾಮಿಯಾನದ ವೇದಿಕೆಗಳಲ್ಲಿ ಪ್ಲಗ್ ಇಲ್ಲದೆ ಬರೀ ಎರಡು ವಯರು ಸಾಕೆಟ್ಟಿಗೆ ತುರುಕಿ ಕಡ್ಡಿ ಸಿಕ್ಕಿಸಿದ್ದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಮೈಕಿನವರನ್ನು ‘ಅಣ್ಣಾ, ಅರ್ಥಿಂಗ್ ಒಂದು ಸಲ ನೋಡಿ’ ಎಂದು ಕೇಳಲು ಸಂಕೋಚ ಬೇಡ. ಮೈಕ್ ಮುಟ್ಟಿದಾಗ ಜುಂ ಎಂದರೆ, ನೆಲ ಒದ್ದೆಯಿದ್ದರೆ, ಸರಿಯಾಗುವವರೆಗೆ ನುಡಿಸಬೇಡಿ. ಅದಕ್ಕಾಗಿ ಕಾರ್ಯಕ್ರಮ ನಿಂತರೂ ನಷ್ಟವಿಲ್ಲ.

ಕಿವಿಯ ಲೆಕ್ಕವೂ ಹೀಗೇ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೇಳಬಾರದು. ಆಮೇಲೆ ಪ್ರತಿ 3 ಡೆಸಿಬೆಲ್ ಏರಿದಂತೆ ಸಮಯ ಅರ್ಧಕ್ಕೆ ಇಳಿಯುತ್ತದೆ ಎಂಬುದು ಕೆಲಸಗಾರರ ಕಿವಿಯ ರಕ್ಷಣೆಗೆ ಬಳಸುವ ಲೆಕ್ಕ. ಅದರ ಪ್ರಕಾರ 100 ಡೆಸಿಬೆಲ್ಲಿಗೆ ಉಳಿಯುವುದು 15 ನಿಮಿಷ. ಸಣ್ಣ ಕೋಣೆಯಲ್ಲಿ ಡ್ರಮ್ಸ್ ಪಕ್ಕ ನಿಂತು ಸಂಜೆಯಿಡೀ ಅಭ್ಯಾಸ ಮಾಡುವ ಹುಡುಗರು ಇಯರ್ ಪ್ಲಗ್ ಹಾಕಿಕೊಳ್ಳಲಿ. ಸಂಗೀತಗಾರನ ಬಂಡವಾಳ ಇರುವುದು ಕಿವಿಯಲ್ಲಿ. ಹೋದ ಮೇಲೆ ಅದನ್ನು ತಂತಿಯ ಹಾಗೆ ಬದಲಾಯಿಸಲು ಬರುವುದಿಲ್ಲ.

ಈಗ ಮೈಕಿನವರ ವಿಷಯ. ಅವರು ಬೆಳಗ್ಗಿನಿಂದ ಸ್ಪೀಕರ್ ಹೊತ್ತು ಸುಸ್ತಾಗಿರುತ್ತಾರೆ. ಯಾರು ಎಲ್ಲಿ ನಿಲ್ಲುತ್ತಾರೆ, ಎಷ್ಟು ಮೈಕ್, ಎಷ್ಟು ಗಿಟಾರ್ ಲೈನ್ ಬೇಕು ಎಂದು ಒಂದು ಹಾಳೆಯಲ್ಲಿ ಚಿತ್ರ ಬರೆದು ಮೊದಲೇ ಕೊಟ್ಟರೆ ಅವರ ಅರ್ಧ ಕೆಲಸ ಮುಗಿಯಿತು. ಮುಂದೆ ನಿಂತ ಸ್ಪೀಕರಿನ ಸದ್ದು ಮತ್ತೆ ಮೈಕಿನೊಳಗೆ ಹೋದಾಗಲೇ ‘ಕುಯ್’ ಎಂದು ಕೂಗುವುದು. ಆದ್ದರಿಂದ ಮೈಕ್ ಹಿಡಿದು ಸ್ಪೀಕರಿನ ಎದುರು ಅಡ್ಡಾಡಬೇಡಿ. ಮೈಕಿನವರ ಹೆಸರು ಕೇಳಿಕೊಂಡು, ಕೊನೆಯಲ್ಲಿ ವೇದಿಕೆಯಿಂದ ಒಂದು ಮಾತು ಧನ್ಯವಾದ ಹೇಳಿ. ಊರಿನ ಎಲ್ಲ ಕಾರ್ಯಕ್ರಮಗಳಲ್ಲೂ ಇರುವವರು ಅವರು. ‘ಒಂದು ಒಳ್ಳೇ ಟೀಮ್ ಇದ್ರೆ ಹೇಳಪ್ಪಾ’ ಎಂದು ಸಂಘಟಕರು ಕೇಳುವುದೂ ಅವರನ್ನೇ.

ಕಳೆದ ನವೆಂಬರಿನಲ್ಲಿ ನಮ್ಮ ನಾಲ್ವರಿಗೆ ಒಂದು ಬಡಾವಣೆಯ ರಾಜ್ಯೋತ್ಸವದಲ್ಲಿ ಸಂಜೆ 7 ಗಂಟೆಗೆ ಅವಕಾಶ ಸಿಕ್ಕಿತ್ತು. ಡ್ರಮ್ಸ್ ಹುಡುಗ ಆಗ ದ್ವಿತೀಯ ಪಿಯುಸಿ. ‘ಇದೇ ಕೊನೇದು ಸಾರ್, ಇನ್ನು ಓದು ಮುಗಿಯೋವರೆಗೂ ಕೋಲು ಮುಟ್ಟೋ ಹಾಗಿಲ್ಲ’ ಎಂದು ಅವನ ತಾಯಿ ಖಡಾಖಂಡಿತವಾಗಿ ಹೇಳಿದ್ದರು. ಸನ್ಮಾನ, ಭಾಷಣ, ಮತ್ತೆ ಭಾಷಣ ಮುಗಿದು ಹುಡುಗರು ವೇದಿಕೆ ಹತ್ತಿದಾಗ 9.40. ರಾತ್ರಿ 10ರ ಮೇಲೆ ಬಯಲಿನಲ್ಲಿ ಧ್ವನಿವರ್ಧಕ ಹಾಕಬಾರದೆಂಬುದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ. ಸಂಘಟಕರು ಕೆಳಗಿನಿಂದ ಗಡಿಯಾರ ತೋರಿಸುತ್ತಿದ್ದರು. ಹುಡುಗರ ಬಳಿ ಐದು ಹಾಡಿನ ಪಟ್ಟಿಯ ಹಿಂದೆ ಎರಡೇ ಹಾಡಿನ ಇನ್ನೊಂದು ಪಟ್ಟಿ ಇತ್ತು. ಅಭ್ಯಾಸದಲ್ಲಿ ಅದನ್ನೂ ನುಡಿಸಿದ್ದರು. ಗೊಣಗಲಿಲ್ಲ, ‘ಟೈಮ್ ಕೊಡಲಿಲ್ಲ’ ಎಂದು ಮೈಕಿನಲ್ಲಿ ದೂರಲಿಲ್ಲ. ಎಲ್ಲರಿಗೂ ಗೊತ್ತಿರುವ ಒಂದು ಹಾಡು, ಅವರೇ ಕಟ್ಟಿದ ಒಂದು ಹಾಡು. 9.52ಕ್ಕೆ ನಮಸ್ಕಾರ ಮಾಡಿ ಇಳಿದರು. ಕುರ್ಚಿ ಮಡಚಲು ಎದ್ದಿದ್ದ ಜನ ನಿಂತೇ ಕೇಳಿದ್ದರು. ಮಾರನೇ ವಾರ ಪಕ್ಕದ ಬಡಾವಣೆಯವರಿಂದ ಫೋನು ಬಂತು. ಪರೀಕ್ಷೆ ಮುಗಿದ ಮೇಲೆ ಬರುತ್ತೇವೆ ಎಂದು ಉತ್ತರ ಕೊಟ್ಟಿದ್ದು ಆ ಹುಡುಗನ ತಾಯಿಯೇ.

ಯಾವ ಹಾಡು ಆರಿಸಿಕೊಳ್ಳಬೇಕು ಎಂಬುದು ಮುಂದಿನ ಪ್ರಶ್ನೆ. ಖಚಿತವಾಗಿ ಬರುವ ಹಾಡಿನಿಂದ ಶುರು ಮಾಡಿ, ಅತ್ಯುತ್ತಮವಾದದ್ದನ್ನು ಕೊನೆಗಿಡಿ, ಹೊಸದನ್ನು ನಡುವೆ ಸೇರಿಸಿ. ಸಿನಿಮಾ ಹಾಡಿಗೆ ಚಪ್ಪಾಳೆ ಬೇಗ ಸಿಗುತ್ತದೆ, ಆದರೆ ಜನ ನೆನಪಿಟ್ಟುಕೊಳ್ಳುವುದು ಮೂಲ ಗಾಯಕರನ್ನು. ಸ್ವಂತದ್ದು ಒಂದಾದರೂ ಇರಲಿ. ಶಿಶುನಾಳ ಷರೀಫರ ತತ್ವಪದಗಳನ್ನು ಗಿಟಾರಿನ ಜತೆ ಹಾಡಿದ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂದಿದ್ದು 2008ರಲ್ಲಿ. 2010ರಲ್ಲಿ ಅವರ ತಂಡ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ನುಡಿಸಿತು. ಅಲ್ಲಿಯವರೆಗೆ ಅವರನ್ನು ಒಯ್ದಿದ್ದರಲ್ಲಿ ನಮ್ಮ ಮಣ್ಣಿನ ಪದಗಳ ಪಾಲು ದೊಡ್ಡದು.

ಹಕ್ಕಿನ ವಿಷಯವನ್ನೂ ಮಕ್ಕಳು ತಿಳಿದಿರಬೇಕು. ನಮ್ಮಲ್ಲಿ ಸಾಹಿತ್ಯದ ಹಕ್ಕು ಕವಿ ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ. ಷರೀಫರು ತೀರಿಕೊಂಡಿದ್ದು 1889ರಲ್ಲಿ, ಅವರ ಪದಗಳು ಎಲ್ಲರ ಸ್ವತ್ತು. ಬೇಂದ್ರೆಯವರು 1981ರಲ್ಲಿ ತೀರಿಕೊಂಡರು. ಅವರ ಕವಿತೆಗೆ ರಾಗ ಹಾಕಿ ಬಿಡುಗಡೆ ಮಾಡುವುದಾದರೆ 2041ರವರೆಗೂ ಅನುಮತಿ ಬೇಕು. ಪದ ಹಳೆಯದಾದರೂ ಅದಕ್ಕೆ ಇತ್ತೀಚೆಗೆ ಒಬ್ಬರು ಹಾಕಿದ ರಾಗಸಂಯೋಜನೆ ಅವರದೇ. ಟಿಕೆಟ್ ಇಟ್ಟ ಕಾರ್ಯಕ್ರಮದಲ್ಲಿ ಸಿನಿಮಾ ಹಾಡು ಹಾಡುವುದಾದರೆ ಪರವಾನಗಿ ಪಡೆದಿದ್ದೀರಾ ಎಂದು ಸಂಘಟಕರನ್ನು ಮೊದಲೇ ಕೇಳಿ. ಗೀತರಚನೆಕಾರರ, ಸಂಗೀತ ಸಂಯೋಜಕರ ಪರವಾಗಿ ಅದನ್ನು ಕೊಡಲು 1969ರಿಂದ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ ಇದೆ.

ಇನ್ನು ಪ್ರಚಾರ. ದಿನಾ ಇಪ್ಪತ್ತು ಗುಂಪಿಗೆ ‘ನಮ್ಮ ಚಾನೆಲ್ ನೋಡಿ’ ಎಂದು ಕಳಿಸಿದರೆ ಜನ ನಮ್ಮ ಹೆಸರು ಕಂಡ ತಕ್ಷಣ ಬೆರಳು ಸರಿಸುವುದನ್ನು ಕಲಿಯುತ್ತಾರೆ. ಅದರ ಬದಲು ಒಂದೇ ಒಂದು ಹಾಡನ್ನು, ಶುರುವಿನಿಂದ ಕೊನೆಯವರೆಗೆ, ಮಾತು ಸ್ಪಷ್ಟವಾಗಿ ಕೇಳಿಸುವಂತೆ, ಮೊಬೈಲನ್ನು ಅಲುಗಾಡದಂತೆ ಇಟ್ಟು ಚಿತ್ರಿಸಿ. ಬ್ಯಾಂಡಿನ ಹೆಸರು, ಊರು, ಹಾಡು ಬರೆದವರ ಹೆಸರು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರಲಿ, ಹುಡುಕುವವರಿಗೆ ಸಿಗುತ್ತದೆ. ಒಂದು ಒಳ್ಳೆಯ ಫೋಟೊ, ನಾಲ್ಕು ಸಾಲಿನ ಪರಿಚಯ, ಆ ವಿಡಿಯೊ – ಸಂಘಟಕರಿಗೆ ಇಷ್ಟೇ ಸಾಕು. ಪೋಸ್ಟರಿನಲ್ಲಿ ಮಕ್ಕಳ ನಂಬರ್ ಬೇಡ, ಮನೆಯ ಹಿರಿಯರದ್ದು ಹಾಕಿ. ಕಾರ್ಯಕ್ರಮ ಮುಗಿದ ಮೇಲೆ ಬಂದು ಮಾತಾಡಿಸುವವರಿಗೆ ಹತ್ತು ನಿಮಿಷ ಕೊಡಿ. ಅದಕ್ಕಿಂತ ದೊಡ್ಡ ಪ್ರಚಾರ ನನಗೆ ಗೊತ್ತಿಲ್ಲ.

ಹಣದ ಮಾತನ್ನು ಮೊದಲೇ ಆಡಿಬಿಡಿ. ಎಷ್ಟು ಹೊತ್ತು, ಮೈಕ್ ಯಾರದು, ಹೋಗಿಬರುವ ಖರ್ಚು, ಊಟ, ಸಂಭಾವನೆ – ಐದು ಸಾಲು ವಾಟ್ಸ್ಆ್ಯಪ್‌ನಲ್ಲಿ ಬರೆದು, ಅವರಿಂದ ‘ಸರಿ’ ಅನ್ನಿಸಿಕೊಂಡರೆ ಮುಂದೆ ಮನಸ್ತಾಪವಿಲ್ಲ. ಶಾಲೆ, ವೃದ್ಧಾಶ್ರಮ, ನಮ್ಮದೇ ಬೀದಿ ಅಂದರೆ ದುಡ್ಡಿಲ್ಲದೆ ನುಡಿಸಲಿ. ಆದರೆ ಟಿಕೆಟ್ ಮಾರುವವರು ‘ನಿಮಗೆ ಪ್ರಚಾರ ಸಿಗುತ್ತಲ್ಲ’ ಎಂದರೆ ನಗುತ್ತಲೇ ಕೈ ಮುಗಿಯಬಹುದು. ಬಂದ ಹಣದಲ್ಲಿ ತಂತಿ, ಕೇಬಲ್ಲಿಗೆ ಅಂತ ಒಂದು ಪಾಲು ಡಬ್ಬಕ್ಕೆ ಹಾಕಿ, ಮಿಕ್ಕಿದ್ದು ಸಮನಾಗಿ ಹಂಚಿಕೊಳ್ಳಲಿ. ಅಪಸ್ವರದಿಂದ ಒಡೆದ ಬ್ಯಾಂಡನ್ನು ನಾನು ಕಂಡಿಲ್ಲ. ಹಂಚಿಕೆಯಿಂದ, ಪೋಸ್ಟರಿನಲ್ಲಿ ಯಾರ ಮುಖ ದೊಡ್ಡದು ಎಂಬುದರಿಂದ ಒಡೆದದ್ದು ಬೇಕಾದಷ್ಟು.

ಈ ನಾಲ್ವರೂ ಮುಂದೆ ಸಂಗೀತವನ್ನೇ ಹಿಡಿಯುತ್ತಾರೋ, ಎಂಜಿನಿಯರ್ ಆಗಿ ಗಿಟಾರನ್ನು ಅಟ್ಟಕ್ಕೆ ಹಾಕುತ್ತಾರೋ, ಈಗಲೇ ಹೇಳಲಾಗದು. ಗಡಿಯಾರ ನೋಡುವುದು, ಕೊಟ್ಟ ಮಾತಿಗೆ ನಿಲ್ಲುವುದು, ಇನ್ನೊಬ್ಬರು ಹಾಡುವಾಗ ತಗ್ಗುವುದು ಅವರಿಗೆ ಎಲ್ಲಿ ಹೋದರೂ ಬೇಕಾಗುತ್ತದೆ. ಅಪ್ಪ ಅಮ್ಮಂದಿರಲ್ಲಿ ನನ್ನದೊಂದು ಕೋರಿಕೆ. ಮಕ್ಕಳ ಕಾರ್ಯಕ್ರಮಕ್ಕೆ ಹೋದಾಗ ಮುಂದಿನ ಸಾಲಿನಲ್ಲಿ ಮೊಬೈಲ್ ಎತ್ತಿ ನಿಲ್ಲಬೇಡಿ, ಕಟ್ಟಕಡೆಯ ಸಾಲಿನಲ್ಲಿ ಕೂತು ಕೇಳಿ. ಮನೆಗೆ ಬಂದ ಮೇಲೆ ‘ಸೂಪರ್’ ಎನ್ನುವ ಬದಲು, ಹಾಡಿನ ಮಾತು ಅಲ್ಲಿಗೆ ಕೇಳಿಸಿತೋ ಇಲ್ಲವೋ ಅಷ್ಟನ್ನು ಹೇಳಿ. ಮುಂದಿನ ಅಭ್ಯಾಸಕ್ಕೆ ಅವರಿಗೆ ಬೇಕಾಗಿರುವುದು ಅದೇ.