ಪರವೂರಿನ ಗ್ಯಾಲರಿಯಲ್ಲಿ ನಾವು

ಫುಟ್‌ಬಾಲ್ ಮಂದಿಯಲ್ಲಿ 'ಅವೇ' ಎಂಬೊಂದು ಮಾತಿದೆ. ಎದುರಾಳಿಯ ಊರಿಗೆ, ಎದುರಾಳಿಯ ಮೈದಾನಕ್ಕೇ ಹೋಗಿ ಆಡುವುದು. ತಂಡದ ಬೆನ್ನು ಹತ್ತಿ ಹೋದ ಬೆಂಬಲಿಗರಿಗೆ ಅಲ್ಲಿ ಒಂದು ಮೂಲೆ ಮೀಸಲು. ಅತ್ತ ಇತ್ತ ಪೊಲೀಸರು, ನಡುವೆ ಖಾಲಿ ಕುರ್ಚಿಗಳು. 2025ರ ಏಪ್ರಿಲ್ 12ರ ಶನಿವಾರ ಅಂಥದೊಂದು ಮೂಲೆಯಲ್ಲಿ ನಾವಿದ್ದೆವು. ಊರು ಕಲ್ಕತ್ತೆ, ಕ್ರೀಡಾಂಗಣ ಸಾಲ್ಟ್ ಲೇಕ್, ಪಂದ್ಯ ಇಂಡಿಯನ್ ಸೂಪರ್ ಲೀಗ್‌ನ ಫೈನಲ್. ಮೋಹನ್ ಬಾಗಾನ್ ಎದುರು ನಮ್ಮ ಬೆಂಗಳೂರು ಎಫ್‌ಸಿ. ನಾವೆಂದರೆ ಶಿವಾಜಿನಗರದ ನಾಲ್ವರು. ಇಬ್ಬರು ನಲವತ್ತು ದಾಟಿದವರು, ಇಬ್ಬರು ಕಾಲೇಜು ಹುಡುಗರು.

ಅವೇ ದಿನಗಳಲ್ಲಿ ಮುರ್ಷಿದಾಬಾದ್ ಜಿಲ್ಲೆಯಲ್ಲಿ ವಕ್ಫ್ ತಿದ್ದುಪಡಿ ಕಾಯ್ದೆಯ ವಿರುದ್ಧದ ಪ್ರತಿಭಟನೆ ಹಿಂಸೆಗೆ ತಿರುಗಿ ಜೀವಗಳು ಹೋಗಿದ್ದವು. ಮಧ್ಯಾಹ್ನದಿಂದಲೇ ಮನೆಯ ಫೋನು. ಟೋಪಿ ಜೇಬಿನಲ್ಲಿರಲಿ, ಬೀದಿಯಲ್ಲಿ ಉರ್ದು ಬೇಡ, ಕನ್ನಡದಲ್ಲೇ ಮಾತಾಡಿಕೊಳ್ಳಿ ಎಂದು ಅಮ್ಮಿಯ ಅಪ್ಪಣೆ. ಹುಡುಗರು ನಕ್ಕರು. ಬೆಂಗಳೂರಿನ ಬಸ್ಸಿನಲ್ಲಿ ನಮ್ಮನ್ನು ಕಾಯುವ ಕನ್ನಡ ಇಲ್ಲಿ ನಮ್ಮನ್ನು ಹೊರಗಿನವರೆಂದು ಸಾರುವ ಡಂಗುರವಲ್ಲವೆ! ಆದರೂ ಟೋಪಿಗಳು ಜೇಬಿಗೆ ಹೋದವು. ತಾಯಂದಿರ ಭೂಗೋಳ ಬೇರೆಯೇ ಇರುತ್ತದೆ.

ಸಿಯಾಲ್ದಾ ಬಳಿಯ ಮಸೀದಿಯೊಂದರಲ್ಲಿ ಮಗ್ರಿಬ್ ಮುಗಿಸಿ ಹೊರಬಂದಾಗ ನಮ್ಮ ನೀಲಿ ಅಂಗಿ ಕಂಡು ಹಿರಿಯರೊಬ್ಬರು ತಡೆದರು. ಮೊಹಮ್ಮಡನ್ ಸ್ಪೋರ್ಟಿಂಗ್‌ನ ಅಭಿಮಾನಿ. ಅವರ ತಂಡ ಆ ಋತುವಿನಲ್ಲಷ್ಟೇ ಸೂಪರ್ ಲೀಗ್ ಸೇರಿ ಕೊನೆಯ ಸ್ಥಾನ ಪಡೆದಿತ್ತು. "ನೀವಾದರೂ ಬಾಗಾನನ್ನು ಸೋಲಿಸಿ" ಎಂದು ಹಾರೈಸಿದರು. ನಮ್ಮಲ್ಲೊಬ್ಬರಿಗೆ ಸುಮ್ಮನಿರಲಾಗಲಿಲ್ಲ. 1937ರ ರೋವರ್ಸ್ ಕಪ್ ಫೈನಲ್‌ನಲ್ಲಿ ನಮ್ಮ ಬೆಂಗಳೂರು ಮುಸ್ಲಿಮ್ಸ್ ತಂಡ ನಿಮ್ಮ ಮೊಹಮ್ಮಡನ್ನನ್ನೇ 1-0ರಿಂದ ಮಣಿಸಿತ್ತು ಎಂದುಬಿಟ್ಟರು. ಹಿರಿಯರು ಹಣೆ ಚಚ್ಚಿಕೊಂಡು, "ಅಹ್ಮದ್ ಖಾನ್ ಕೂಡ ನಿಮ್ಮವರೇ ಅಲ್ಲವೆ?" ಎಂದರು. ಹೌದು, ನಮ್ಮವರೇ. ಬೆಂಗಳೂರು ಮುಸ್ಲಿಮ್ಸ್‌ನಿಂದ ಈಸ್ಟ್ ಬೆಂಗಾಲ್‌ಗೆ ಹೋಗಿ ಅಲ್ಲಿನ 'ಪಂಚ ಪಾಂಡವ'ರಲ್ಲಿ ಒಬ್ಬರಾದವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲೂ 1952ರ ಹೆಲ್ಸಿಂಕಿಯಲ್ಲೂ ಭಾರತಕ್ಕೆ ಆಡಿದವರು. ಪಾಂಡವರಲ್ಲೊಬ್ಬ ಖಾನ್! ಇಂಥ ಮಾತನ್ನು ಹೊಸದಾಗಿ ಹುಟ್ಟಿಸುವುದು ಈಗ ಅಷ್ಟು ಸಲೀಸಲ್ಲ.

ಮೆಟ್ರೋ ಇಳಿದು ಜನಪ್ರವಾಹದಲ್ಲಿ ತೇಲಿದೆವು. ಕಣ್ಣು ಹಾಯಿಸಿದಲ್ಲೆಲ್ಲ ಹಸಿರು ಮತ್ತು ಕಡುಗೆಂಪು. ಈ ಕ್ರೀಡಾಂಗಣ ತೆರೆದದ್ದು 1984ರಲ್ಲಿ. 1997ರಲ್ಲಿ ಬಾಗಾನ್-ಈಸ್ಟ್ ಬೆಂಗಾಲ್ ಪಂದ್ಯಕ್ಕೆ ಇಲ್ಲಿ 1,31,000ಕ್ಕೂ ಹೆಚ್ಚು ಜನ ಸೇರಿದ್ದರಂತೆ. 2017ರ ಕಿರಿಯರ ವಿಶ್ವಕಪ್‌ಗಾಗಿ ನವೀಕರಿಸಿ, ಪ್ರತಿಯೊಬ್ಬರಿಗೂ ಒಂದೊಂದು ಕುರ್ಚಿ ಕೊಟ್ಟ ಮೇಲೆ ಸುಮಾರು 68,000ಕ್ಕೆ ಇಳಿದಿದೆ. ಇಳಿದದ್ದೇ ಇಷ್ಟು! ನಮ್ಮ ಕಂಠೀರವ ಇದರೊಳಗೆ ಎರಡು ಸಲ ಕೂತು ಕಾಲು ಚಾಚಬಹುದು. ಓಟದ ಪಥದ ಆಚೆ ಆಟಗಾರರು ಬೆರಳುದ್ದ ಕಾಣುತ್ತಾರೆ. ಸುನಿಲ್ ಛೆಟ್ರಿ 2024ರ ಜೂನ್‌ನಲ್ಲಿ ಕುವೈತ್ ವಿರುದ್ಧ ವಿದಾಯದ ಪಂದ್ಯ ಆಡಿದ್ದು ಇಲ್ಲೇ. ಅಂದು ಇಡೀ ಕ್ರೀಡಾಂಗಣ ಅವರದಾಗಿತ್ತು. ಈ ರಾತ್ರಿ ಅವರೂ ನಮ್ಮ ಹಾಗೆ ಪರವೂರಿನವರು.

49ನೇ ನಿಮಿಷ. ನಮ್ಮವರ ಕ್ರಾಸೊಂದನ್ನು ತಡೆಯಹೋದ ಬಾಗಾನ್‌ನ ಆಲ್ಬರ್ಟೋ ಚೆಂಡನ್ನು ತಮ್ಮದೇ ಬಲೆಗೆ ದೂಡಿದರು. ಆ ಮಹಾ ಬಟ್ಟಲು ಒಮ್ಮೆಗೇ ಮೂಕವಾಯಿತು. ಕೇಳುತ್ತಿದ್ದದ್ದು ನಮ್ಮ ಮೂಲೆಯ ಗಂಟಲುಗಳು ಮಾತ್ರ. ಹುಡುಗರು ಕುರ್ಚಿಯ ಮೇಲೆ ಹತ್ತಿ ಕುಣಿದರು. ಹಿರಿಯರಿಬ್ಬರೂ ಹತ್ತಿದೆವು, ಮಂಡಿ ನೋವು ಮರೆತು.

ನಾವು ಬೆಳೆದದ್ದು ಭಾರತ-ಪಾಕಿಸ್ತಾನ ಕ್ರಿಕೆಟ್ ನಡೆದಾಗಲೆಲ್ಲ ಮುಖದ ಮೇಲೆ ಕಣ್ಣುಗಳು ನೆಟ್ಟಿರುತ್ತಿದ್ದ ಕಾಲದಲ್ಲಿ. ಚಹಾದಂಗಡಿಯ ಟಿ.ವಿ. ಮುಂದೆ ಯಾವಾಗ ಚಪ್ಪಾಳೆ, ಎಷ್ಟು ಜೋರು ಎಂಬ ಲೆಕ್ಕ ಇಟ್ಟುಕೊಂಡೇ ಆಟ ನೋಡಬೇಕು. ಭಾರತದ ವಿಕೆಟ್ ಬಿದ್ದಾಗ ಕೆಮ್ಮಿದರೂ ಅರ್ಥ ಹುಡುಕುವವರಿದ್ದರು. ಗೆದ್ದಾಗ ಕುಣಿದರೆ ನಟನೆ, ಕುಣಿಯದಿದ್ದರೆ ಸಾಕ್ಷಿ. ಇಲ್ಲಿ ಹಾಗಲ್ಲ. ಊರಿಗೂರೇ ಒಂದು ಕಡೆ, ನಾವು ಇನ್ನೊಂದು ಕಡೆ. ಅದನ್ನು ಗಂಟಲು ಹರಿಯುವಂತೆ ಕೂಗಿ ಹೇಳಲು ಟಿಕೆಟ್ ಕೊಟ್ಟು ಕೂರಿಸಿದ್ದಾರೆ! ಪಕ್ಕದ ಗ್ಯಾಲರಿಯಿಂದ ಬೈಗುಳ ಬಂತು. ಬಂಗಾಳಿ ತಿಳಿಯದಿದ್ದರೂ ತಾಯಿ-ತಂಗಿಯರ ಪ್ರಸ್ತಾಪ ತಿಳಿಯದೆ ಇರುತ್ತದೆಯೆ? ಆದರೆ ಅದು ನೀಲಿ ಅಂಗಿಗೆ ಬಿದ್ದ ಬೈಗುಳ, ನಮ್ಮ ಹೆಸರಿಗಲ್ಲ. ನಮ್ಮ ಜತೆ ಮೂಲೆಯಲ್ಲಿದ್ದ ಮಲ್ಲೇಶ್ವರದ, ಆಸ್ಟಿನ್ ಟೌನಿನ ಹುಡುಗರಿಗೂ ಅಷ್ಟೇ ತೂಕದ್ದು ಸಿಕ್ಕಿತು. ಇಂಥ ಸಮಪಾಲು ನಮಗೆ ಅಪರೂಪ.

ಮುಂದಿನದು ಬೇಗ ಮುಗಿಯಿತು. 72ನೇ ನಿಮಿಷ ನಮ್ಮವರ ಕೈಗೆ ಚೆಂಡು ತಾಗಿ ಪೆನಾಲ್ಟಿ, ಕಮಿಂಗ್ಸ್ ತಪ್ಪಿಸಲಿಲ್ಲ. ಹೆಚ್ಚುವರಿ ಸಮಯದಲ್ಲಿ, 96ನೇ ನಿಮಿಷಕ್ಕೆ, ಮ್ಯಾಕ್‌ಲಾರೆನ್ ಹೊಡೆದರು. 2-1. ಆಗ ಎದ್ದ ಸದ್ದು ಕಿವಿಗಿಂತ ಮೊದಲು ಪಾದಕ್ಕೆ ತಲುಪಿತು, ಕಾಂಕ್ರೀಟೇ ನಡುಗಿತು.

ಜನ ಚದುರುವ ತನಕ ಪೊಲೀಸರು ನಮ್ಮನ್ನು ಬಿಡಲಿಲ್ಲ. ಹುಡುಗರಲ್ಲಿ ಕಿರಿಯವನು ಅಳುತ್ತಿದ್ದ. ಖಾಲಿ ಕುರ್ಚಿಗಳ ಆಚೆಯಿಂದ ಬಾಗಾನ್‌ನ ಹುಡುಗನೊಬ್ಬ ತನ್ನ ಸ್ಕಾರ್ಫ್ ಎತ್ತಿ ತೋರಿಸಿ, ಅದಲು ಬದಲು ಮಾಡೋಣವೇ ಎಂದು ಸನ್ನೆ ಮಾಡಿದ. ನಮ್ಮವನು ಮೂಗೊರೆಸಿಕೊಂಡು ತನ್ನ ಸ್ಕಾರ್ಫನ್ನು ಕುತ್ತಿಗೆಗೆ ಇನ್ನೊಂದು ಸುತ್ತು ಬಿಗಿದ. "ಗೆದ್ದಾಗ ಕೊಡ್ತೀನಿ, ಬೆಂಗಳೂರಿಗೆ ಬಾ" ಎಂದು ಕೂಗಿದ, ಕನ್ನಡದಲ್ಲಿ.