ಜಲ್ಲಿಕಲ್ಲು ಬಡಿದ ಬಾನೆಟ್ಟು

ನಮ್ಮ ಮನೆಯಲ್ಲಿರುವುದು ಸ್ಯಾನ್ ಸ್ಟಾರ್ಮ್. ಎರಡೇ ಸೀಟಿನ, ಬಟ್ಟೆಯ ಟಾಪಿನ ಪುಟ್ಟ ಸ್ಪೋರ್ಟ್ಸ್ ಕಾರು. ಗೋವಾದಲ್ಲಿ ತಯಾರಾಗುತ್ತಿದ್ದ ಇದು ಮಾರುಕಟ್ಟೆಗೆ ಬಂದದ್ದು 1998ರಲ್ಲಿ. ಎಂಜಿನ್ ರೆನೊ ಕಂಪನಿಯದು, 1149 ಸಿಸಿ. ಚಿಕ್ಕಪ್ಪ ಸೆಕೆಂಡ್ ಹ್ಯಾಂಡ್‌ನಲ್ಲಿ ತಂದರು. ತೊಳೆಯುವುದು, ಓಡಿಸುವುದು, ರಿಪೇರಿ ನೋಡುವುದೆಲ್ಲ ಅಣ್ಣ-ತಮ್ಮಂದಿರಾದ ನಮ್ಮಿಬ್ಬರ ಪಾಲಿಗೆ ಬಂತು.

ನಾವು ಓಡಾಡುವುದು ಅಂಕೋಲಾದಿಂದ ಹುಬ್ಬಳ್ಳಿಗೆ ಹೋಗುವ ಅರಬೈಲ್ ಘಟ್ಟದ ದಾರಿಯಲ್ಲಿ. ಹಗಲು ರಾತ್ರಿ ಲಾರಿಗಳು ಓಡುವ ರಸ್ತೆ ಅದು. ಮುಂದಿನ ಗಾಡಿಯ ಗಾಲಿಗೆ ಸಿಕ್ಕಿ ಚಿಮ್ಮಿದ ಜಲ್ಲಿ ನೇರ ನಮ್ಮ ಬಾನೆಟ್ಟಿಗೆ ಬರುತ್ತದೆ. ಕಾರು ತಗ್ಗಾಗಿರುವುದರಿಂದ ಬೇರೆ ಗಾಡಿಗಳ ಬಂಪರಿಗೆ ಬಡಿಯುವ ಕಲ್ಲು ಇದರ ಮೂತಿಗೇ ಬಡಿಯುತ್ತದೆ. ಒಂದು ಭಾನುವಾರ ತೊಳೆಯುವಾಗ ಎಣಿಸಿದೆವು. ಬಾನೆಟ್ಟಿನ ಮೇಲೆ 37 ಗುರುತು.

ತಂಗಿಯ ಮದುವೆ ಹತ್ತಿರ ಬಂದಿತ್ತು. ಚಿಕ್ಕಪ್ಪ ಹೇಳಿದರು, "ಮದುವೆ ಮನೆ ಮುಂದೆ ಸಿಡುಬಿನ ಕಲೆ ಬಿದ್ದ ಮುಖದ ಹಾಗೆ ನಿಲ್ಸೋದು ಬೇಡ. ಫುಲ್ ಪೇಂಟ್ ಹೊಡ್ಸಿಬಿಡಿ." ಪೇಂಟರ್ ಬಂದು ಸುತ್ತ ನೋಡಿ 60 ಸಾವಿರ ಅಂದರು. "ಫೈಬರ್ ಬಾಡಿ, ತುಕ್ಕಂತೂ ಹಿಡಿಯಲ್ಲ" ಅಂತಲೂ ಹೇಳಿದರು.

ಅವರು ಹೇಳಿದ್ದು ನಿಜ. ಪಕ್ಕದ ಮನೆಯ ಮಾರುತಿ 800ಕ್ಕೆ ಅದೇ ಕಲ್ಲು ಬಡಿದರೆ ಕಥೆ ಬೇರೆ. ಅದು ತಗಡಿನ ಬಾಡಿ. ಬಣ್ಣ, ಪ್ರೈಮರ್ ಎರಡೂ ಹಾರಿ ತಗಡು ಕಂಡರೆ ಮಳೆನೀರು ಅಲ್ಲೇ ತುಕ್ಕು ಹಿಡಿಸುತ್ತದೆ. ಆ ತುಕ್ಕು ಸುತ್ತಲಿನ ಬಣ್ಣದ ಅಡಿಗೆ ನುಗ್ಗುತ್ತದೆ. ಮೇಲೆ ಸಾಸಿವೆಯಷ್ಟು ಕಂಡರೂ ಒಳಗೆ ನಾಲ್ಕಾಣೆಯಷ್ಟು ಹರಡಿರುತ್ತದೆ.

ಹಾಗಂತ ಫೈಬರನ್ನು ಸುಮ್ಮನೆ ಬಿಡುವಂತಿಲ್ಲ. ಏಟು ಜೋರಾಗಿದ್ದರೆ ಜೇಡರ ಬಲೆಯಂತೆ ಸಣ್ಣ ಬಿರುಕು ಮೂಡುತ್ತದೆ. ಒಳಗಿನ ಗಾಜಿನ ನಾರು ಹೊರಗೆ ಕಂಡರೆ ಅದರ ಗುಂಟ ತೇವ ಇಳಿಯುತ್ತದೆ, ಮುಂದೆ ಬಣ್ಣ ಗುಳ್ಳೆ ಏಳುತ್ತದೆ.

ಆದರೂ ಫುಲ್ ಪೇಂಟ್ ಬೇಡ ಅಂದೆವು. ದುಡ್ಡಿನ ಮಾತು ಇದ್ದೇ ಇತ್ತು. ಅದಕ್ಕಿಂತ ದೊಡ್ಡ ಕಾರಣ, ಈ ಕಾರಿನ ಬಾನೆಟ್ಟು ಹಾಳಾದರೆ ಅಂಗಡಿಗೆ ಹೋಗಿ ಇನ್ನೊಂದು ತರಲು ಆಗುವುದಿಲ್ಲ. ಹಳೆ ಬಣ್ಣ ಉಜ್ಜುವಾಗ ಕೈ ತಪ್ಪಿದರೆ ಫೈಬರಿನ ಮೇಲ್ಪದರವೇ ಹೋಗುತ್ತದೆ. ಉಜ್ಜದೆ ಬಣ್ಣದ ಮೇಲೆ ಬಣ್ಣ ಹೊಡೆದರೆ ಪದರ ದಪ್ಪವಾಗುತ್ತದೆ. ದಪ್ಪ ಬಣ್ಣ ಕಲ್ಲೇಟಿಗೆ ಇನ್ನೂ ಬೇಗ ಚಕ್ಕೆ ಏಳುತ್ತದೆ.

ಚಿಕ್ಕಪ್ಪ ಒಪ್ಪಲಿಲ್ಲ. ಎರಡು ದಿನ ನಮ್ಮ ಹತ್ತಿರ ಸರಿಯಾಗಿ ಮಾತೂ ಆಡಲಿಲ್ಲ. ನಾವು ಕೆಲಸ ಶುರು ಮಾಡಿದೆವು.

ಮೊದಲ ಕಷ್ಟ ಬಣ್ಣ ಹೊಂದಿಸುವುದು. ಬಿಸಿಲಿಗೆ ಮಾಸಿದ ಕೆಂಪಿಗೆ ಹೊಸ ಕೆಂಪು ಹಚ್ಚಿದರೆ ಕುಂಕುಮ ಇಟ್ಟಂತೆ ಎದ್ದು ಕಾಣುತ್ತದೆ. ಹಾಗಾಗಿ ಮೊದಲು ಕಾರಿಗೆ ಪಾಲಿಶ್ ಹಾಕಿ ಮಂಕು ತೆಗೆದೆವು. ಆಮೇಲೆ ಪೆಟ್ರೋಲ್ ಟ್ಯಾಂಕಿನ ಹೊರಮುಚ್ಚಳ ಬಿಚ್ಚಿಕೊಂಡು ಹುಬ್ಬಳ್ಳಿಯ ಬಣ್ಣದ ಅಂಗಡಿಗೆ ಹೋದೆವು. ಅದನ್ನೇ ನೋಡಿ ಬಣ್ಣ ಬೆರೆಸಿಕೊಟ್ಟರು.

ಮಾಡುವ ಕ್ರಮ ಸುಲಭ, ತಾಳ್ಮೆ ಬೇಕು. ಗಾಡಿ ಶಾಂಪೂ ಹಾಕಿ ತೊಳೆದು ಒಣಗಿಸಿ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್ ಬಟ್ಟೆಗೆ ಹಾಕಿ ಗುರುತಿನ ಜಾಗ ಒರೆಸಿ, ಪಾಲಿಶಿನ ಜಿಡ್ಡು ಹೋಗಬೇಕು. ಥಿನ್ನರ್ ಬೇಡ, ಹಳೆ ಬಣ್ಣ ಕರಗಬಹುದು. ಏಳುತ್ತಿರುವ ಚಕ್ಕೆಯನ್ನು ಉಗುರಿನಿಂದ ಕಿತ್ತು ಅಂಚು ಸವರಿ. ಆಳವಿದ್ದರೆ ಚೂರು ಪುಟ್ಟಿ, ಮೇಲೆ ಪ್ರೈಮರ್. ತಗಡಿನ ಗಾಡಿಯಾದರೆ ತುಕ್ಕನ್ನು ಪೂರ್ತಿ ಕೆರೆದು ಹೊಳೆಯುವ ತಗಡು ಕಂಡ ಮೇಲೆಯೇ ಪ್ರೈಮರ್. ಈ ಹಂತ ಬಿಟ್ಟರೆ ಮುಂದಿನದೆಲ್ಲ ದಂಡ.

ಬಣ್ಣ ಹಚ್ಚಲು ದೊಡ್ಡ ಬ್ರಷ್ ಬೇಡ. ಬೆಂಕಿಕಡ್ಡಿಯ ತುದಿ ಚೂಪು ಮಾಡಿಕೊಂಡರೆ ಸಾಕು. ಗುಂಡಿಯೊಳಗೆ ಮಾತ್ರ ಒಂದು ಹನಿ ಬಿಡಿ. ಒಣಗಿದ ಮೇಲೆ ಇನ್ನೊಂದು. ಬಣ್ಣ ಒಣಗುತ್ತಾ ಕುಗ್ಗುವುದರಿಂದ ನಾಲ್ಕೈದು ಸಲ ಹಚ್ಚಬೇಕಾಗುತ್ತದೆ. ಸುತ್ತಲಿಗಿಂತ ಕೂದಲೆಳೆ ಎತ್ತರಕ್ಕೆ ಬಂದಾಗ ನಿಲ್ಲಿಸಿ. ಒಂದು ವಾರ ಬಿಟ್ಟು 2000 ನಂಬರಿನ ವಾಟರ್ ಪೇಪರನ್ನು ಸೋಪಿನ ನೀರಲ್ಲಿ ಅದ್ದಿ ಹಗುರವಾಗಿ ಉಜ್ಜಿ, ಕೊನೆಗೆ ರಬ್ಬಿಂಗ್ ಕಾಂಪೌಂಡ್. ಹಾರ್ಡನರ್ ಬೆರೆಸುವ ಬಣ್ಣವನ್ನು ಮಾತ್ರ ಮನೆಯಲ್ಲಿ ಸ್ಪ್ರೇ ಮಾಡಬೇಡಿ. ಅದರ ಐಸೊಸೈನೇಟ್ ಉಸಿರಾಟಕ್ಕೆ ಅಪಾಯ.

ದಿನಾ ಸಂಜೆ ಒಂದಿಷ್ಟರಂತೆ 34 ಗುರುತು ಮುಚ್ಚಿದೆವು. ಬಲೆಯಂತೆ ಬಿರುಕು ಬಿಟ್ಟಿದ್ದ ಮೂರನ್ನು ಫೈಬರ್ ಕೆಲಸ ಗೊತ್ತಿದ್ದವರ ಕೈಗೇ ಕೊಟ್ಟೆವು. ಹತ್ತಡಿ ದೂರದಿಂದ ಒಂದೂ ಕಾಣುವುದಿಲ್ಲ. ಬಗ್ಗಿ ನೋಡಿದರೆ ಕಾಣುತ್ತವೆ. ಮದುವೆಯ ಹಿಂದಿನ ದಿನ ಚಿಕ್ಕಪ್ಪ ಬಗ್ಗಿಯೇ ನೋಡಿದರು. "ಹೂವಿನ ಹಾರ ಹಾಕೋವಾಗ ಬಣ್ಣಕ್ಕೆ ಗೀರು ಬೀಳದ ಹಾಗೆ ನೋಡ್ಕಳಿ" ಅಂದರು. ಒಪ್ಪಿಗೆ ಸಿಕ್ಕಿತು ಅಂದುಕೊಂಡೆವು.

ಮತ್ತೆ ಕಲ್ಲು ಬಡಿಯದ ಹಾಗೆ ಮಾಡಲು ಆಗುವುದಿಲ್ಲ, ಕಡಿಮೆ ಮಾಡಬಹುದು. ವೇಗ ಎರಡರಷ್ಟಾದರೆ ಏಟಿನ ಶಕ್ತಿ ನಾಲ್ಕರಷ್ಟು. ಎದುರಿನಿಂದ ಬರುವ ಕಲ್ಲಿಗೆ ನಮ್ಮ ವೇಗವೂ ಸೇರಿಕೊಳ್ಳುತ್ತದೆ. ಅದಕ್ಕೇ ಜಲ್ಲಿ ಚೆಲ್ಲಿದ ಕಡೆ ನಿಧಾನ ಹೋಗುತ್ತೇವೆ, ಟಿಪ್ಪರಿನ ಬಾಲ ಹಿಡಿಯುವುದಿಲ್ಲ. ನಮ್ಮ ಗಾಲಿಯ ಕಲ್ಲು ಹಿಂದಿನವರಿಗೆ ಹಾರದಿರಲಿ ಅಂತ ಮಡ್‌ಫ್ಲಾಪ್ ಹಾಕಿಸಿದ್ದೇವೆ.

ಈ ಕೆಲಸ ಮಾಡಿದ ಮೇಲೆ ರಸ್ತೆಯಲ್ಲಿ ನಮ್ಮ ಕಣ್ಣು ಮೊದಲು ಹೋಗುವುದು ಟಾರ್ಪಾಲು ಹೊದಿಸದ ಜಲ್ಲಿ ಟಿಪ್ಪರಿನ ಕಡೆಗೆ, ಆಮೇಲೆ ಅದರ ಹಿಂದಿರುವ ಬೈಕಿನ ಕಡೆಗೆ. ಫೈಬರಿನಲ್ಲಿ ಗುಂಡಿ ಮಾಡಿದ ಕಲ್ಲೇ ಅಲ್ಲಿಯೂ ಹಾರುತ್ತದೆ. ಕಾರಿಗಾದರೆ ಬೆಂಕಿಕಡ್ಡಿಯಲ್ಲಿ ಬಣ್ಣ ಹಚ್ಚಬಹುದು. ಬೈಕಿನಲ್ಲಿ ಹೋಗುವವರು ದಯವಿಟ್ಟು ಹಿಂದೆ ಸರಿದುಕೊಳ್ಳಿ, ಹೆಲ್ಮೆಟ್ಟಿನ ಗಾಜು ಕೆಳಗೆ ಇಳಿಸಿಕೊಳ್ಳಿ.